ಬೆಳಗಿನ ಬಸ್ಸಿಗೆ ಮೊದಲು ಏಳೆಂಟು ನಿಮಿಷದ ಮೇಕಪ್: ನಮ್ಮ ಹಾಸನ, ಚಿಕ್ಕಮಗಳೂರಿನ ಹವೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಬೆಳಗ್ಗೆ ಕೆಲಸಕ್ಕೋ ಕಾಲೇಜಿಗೋ ಹೊರಡುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕನ್ನಡಿ ಮುಂದೆ ಸಿಗುವುದು ಹೆಚ್ಚೆಂದರೆ ಏಳೆಂಟು ನಿಮಿಷ. ತಿಂಡಿ ಆಗಬೇಕು, ಡಬ್ಬಿ ಕಟ್ಟಬೇಕು, ಮನೆಯಲ್ಲಿ ಮಕ್ಕಳಿದ್ದರೆ ಅವರ ಜಡೆ, ಸಾಕ್ಸು, ಟೈ. ಆಮೇಲೆ ಬಸ್ಸು. 2023ರಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಬೇಲೂರು, ಆಲೂರು, ಮೂಡಿಗೆರೆ, ಕಡೂರು ಕಡೆಯಿಂದ ದಿನಾ ಓಡಾಡುವವರು ಸೀಟು ಹಿಡಿಯಬೇಕೆಂದರೆ ಸ್ವಲ್ಪ ಮುಂಚೆಯೇ ಸ್ಟ್ಯಾಂಡಿನಲ್ಲಿರಬೇಕು. ಇಷ್ಟರ ನಡುವೆ ಯಾರು ಹದಿನೈದು ಐಟಂ ಹಚ್ಚುತ್ತಾ ಕೂರುತ್ತಾರೆ?

ಮೊಬೈಲಿನಲ್ಲಿ ಸಿಗುವ ಮೇಕಪ್ ವಿಡಿಯೋಗಳಲ್ಲಿ ಇನ್ನೊಂದು ತೊಂದರೆ ಇದೆ. ಅವುಗಳಲ್ಲಿ ಬಹಳಷ್ಟು ಎಸಿ ರೂಮಿನಲ್ಲಿ, ದೊಡ್ಡ ರಿಂಗ್ ಲೈಟ್ ಮುಂದೆ ಮಾಡಿದವು. ನಮ್ಮಲ್ಲಿ ಬೆಳಗ್ಗೆ ಏಳಕ್ಕೆ ಮಂಜು, ಹನ್ನೊಂದಕ್ಕೆ ಚುರುಗುಟ್ಟುವ ಬಿಸಿಲು, ಜೂನ್ ಬಂತೆಂದರೆ ದಿನವಿಡೀ ಸೋನೆ. ಅಲ್ಲಿ ಚೆನ್ನಾಗಿ ಕಂಡದ್ದು ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಮುಖದ ಮೇಲೆ ಗೆರೆಗೆರೆಯಾಗಿ ನಿಂತಿರುತ್ತದೆ.

ನಾನು ಹೇಳಬೇಕಾದ ಮುಖ್ಯ ಮಾತು ಇದು: ಬೆಳಗ್ಗೆ ಸಮಯ ಹೋಗುವುದು ಹಚ್ಚುವುದರಲ್ಲಲ್ಲ, ಹುಡುಕುವುದರಲ್ಲಿ ಮತ್ತು ಯೋಚಿಸುವುದರಲ್ಲಿ. ಯಾವ ಲಿಪ್‌ಸ್ಟಿಕ್, ಕಾಡಿಗೆ ಎಲ್ಲಿ ಹೋಯ್ತು, ಇವತ್ತು ಫೌಂಡೇಶನ್ ಬೇಕಾ ಬೇಡ್ವಾ. ಕೈಗೆ ಒಂದೇ ಕ್ರಮ ರೂಢಿಯಾದರೆ, ಬೇಕಾದ ಸಾಮಾನೆಲ್ಲ ಒಂದೇ ಕಡೆ ಇದ್ದರೆ, ಏಳೆಂಟು ನಿಮಿಷ ಧಾರಾಳವಾಗಿ ಸಾಕು.

ಹಿಂದಿನ ರಾತ್ರಿ

ಒಂದು ಚಿಕ್ಕ ಪೌಚ್ ಇಟ್ಟುಕೊಳ್ಳಿ. ಮದುವೆ ಮನೆಗೆ ಹಾಕುವ ಸಾಮಾನು ಅದರೊಳಗೆ ಬರಬಾರದು. ದಿನಾ ಬಳಸುವುದು ಮಾತ್ರ ಇರಲಿ: ಸನ್‌ಸ್ಕ್ರೀನ್, ಕಪ್ಪು ಕಲೆ ಮುಚ್ಚುವ ಒಂದು ಕನ್ಸೀಲರ್, ಒಂದು ಕಾಂಪ್ಯಾಕ್ಟ್ (ಡಬ್ಬಿಯಲ್ಲಿ ಒತ್ತಿ ಕೂರಿಸಿದ ಪೌಡರ್), ಕಾಡಿಗೆ, ಹುಬ್ಬಿನ ಪೆನ್ಸಿಲ್, ಲಿಪ್ ಬಾಮ್, ಒಂದು ಅಥವಾ ಎರಡು ಲಿಪ್‌ಸ್ಟಿಕ್, ಸ್ಟಿಕ್ಕರ್ ಪ್ಯಾಕೆಟ್, ಹತ್ತಿ ಸುತ್ತಿದ ನಾಲ್ಕು ಕಡ್ಡಿ. ಕಣ್ಣಿನ ಕೆಳಗೆ ಕಪ್ಪು ಜಾಸ್ತಿ ಇದ್ದವರು ಕಿತ್ತಳೆ ಬಣ್ಣದ ಕರೆಕ್ಟರ್ ಒಂದನ್ನು ಸೇರಿಸಿಕೊಳ್ಳಿ. ಮಸ್ಕಾರಾ ನಿಮ್ಮಿಷ್ಟ. ಮುಖಕ್ಕೆಲ್ಲ ಹಚ್ಚುವ ಫೌಂಡೇಶನ್ ದಿನಾ ಬೇಕಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ, ಅದಕ್ಕೆ ಕಾರಣ ಮುಂದೆ ಬರುತ್ತದೆ.

ಮಾರನೆ ದಿನದ ಬಟ್ಟೆ ರಾತ್ರಿಯೇ ತೆಗೆದಿಡುವಾಗ ಲಿಪ್‌ಸ್ಟಿಕ್ ಯಾವುದು ಅಂತಲೂ ಅಲ್ಲೇ ತೀರ್ಮಾನ ಮಾಡಿಬಿಡಿ. ಪೆನ್ಸಿಲ್ ಮೊಂಡಾಗಿದ್ದರೆ ಚೂಪು ಮಾಡಿಡಿ. ತುಟಿ ಒಡೆದಿದ್ದರೆ ಮಲಗುವ ಮೊದಲು ತುಪ್ಪವೋ ವ್ಯಾಸಲೀನೋ ದಪ್ಪಗೆ ಸವರಿ. ಡಿಸೆಂಬರ್, ಜನವರಿ ಚಳಿಯಲ್ಲಿ ಈ ಒಂದು ಕೆಲಸ ಬಿಟ್ಟರೆ ಬೆಳಗ್ಗೆ ಎಷ್ಟು ಒಳ್ಳೆ ಲಿಪ್‌ಸ್ಟಿಕ್ ಹಾಕಿದರೂ ತುಟಿಯ ಸಿಪ್ಪೆ ಎದ್ದು ಕಾಣುತ್ತದೆ.

ರಾತ್ರಿ ತಲೆಗೆ ಎಣ್ಣೆ ಹಚ್ಚಿ ಮಲಗುವವರು ಹಣೆಯ ಮೇಲೆ ಇಳಿದ ಎಣ್ಣೆಯನ್ನು ಬೆಳಗ್ಗೆ ಮರೆಯದೆ ತೊಳೆಯಿರಿ. ಎಣ್ಣೆ ಉಳಿದಲ್ಲಿ ಸನ್‌ಸ್ಕ್ರೀನೂ ನಿಲ್ಲುವುದಿಲ್ಲ, ಪೌಡರೂ ನಿಲ್ಲುವುದಿಲ್ಲ.

ಬೆಳಕು ಎಲ್ಲಿದೆ ನೋಡಿ

ಕನ್ನಡಿ ಎಲ್ಲಿ ನೇತುಹಾಕಿದ್ದೀರಿ ಅನ್ನುವುದು ಯಾವ ಕಂಪನಿಯ ಸಾಮಾನು ಕೊಂಡಿರಿ ಅನ್ನುವುದಕ್ಕಿಂತ ದೊಡ್ಡ ವಿಷಯ. ಹಳದಿ ಬಲ್ಬಿನ ಕೆಳಗೆ ಮುಖದ ಬಣ್ಣ ಸರಿಯಾಗಿ ತಿಳಿಯುವುದಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಹಚ್ಚಿರುತ್ತೇವೆ, ಬಸ್ ಸ್ಟ್ಯಾಂಡಿನ ಬಿಸಿಲಿಗೆ ಬಂದಾಗ ಮುಖ ಒಂದು ಬಣ್ಣ ಕುತ್ತಿಗೆ ಒಂದು ಬಣ್ಣ. ಒಂದು ಅಂಗೈಯಗಲದ ಕನ್ನಡಿಯನ್ನು ಕಿಟಕಿ ಪಕ್ಕ ಇಟ್ಟುಕೊಳ್ಳಿ. ಬೆಳಕು ಎದುರಿನಿಂದ ಮುಖಕ್ಕೆ ಬೀಳಬೇಕು, ಬೆನ್ನಿಗಲ್ಲ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಾಗದ ಊರುಗಳಲ್ಲಿ ಇದು ಇನ್ನೂ ಉಪಯೋಗ. ಕಿಟಕಿ ಬೆಳಕಿನಲ್ಲಿ ಹಚ್ಚಲು ಕಲಿತವರಿಗೆ ಕರೆಂಟಿನ ಹಂಗಿಲ್ಲ.

ಮೊದಲ ಹಂತ: ತೊಳೆದು ತೇವ ಹಿಡಿಸುವುದು

ಇದನ್ನು ಏಳೆಂಟು ನಿಮಿಷದ ಲೆಕ್ಕಕ್ಕೆ ಸೇರಿಸಬೇಡಿ, ಇದು ಸ್ನಾನದ ಜೊತೆಗೇ ಮುಗಿಯುತ್ತದೆ. ಮುಖಕ್ಕೆ ಸುಡು ನೀರು ಬೇಡ. ಚಳಿಗಾಲದಲ್ಲಿ ಹಂಡೆಯ ಬಿಸಿನೀರನ್ನು ಮುಖಕ್ಕೂ ಸುರಿದುಕೊಂಡರೆ ಹಿತವಾಗಿರುತ್ತದೆ ನಿಜ, ಆದರೆ ಚರ್ಮದ ಸ್ವಂತ ಜಿಡ್ಡೂ ಹೋಗಿ ಹತ್ತು ನಿಮಿಷದಲ್ಲಿ ಬಿಗಿಯಾಗುತ್ತದೆ. ಉಗುರು ಬೆಚ್ಚಗಿದ್ದರೆ ಸಾಕು.

ಶುಕ್ರವಾರ, ಹಬ್ಬದ ದಿನ ಅರಿಶಿನ ಹಚ್ಚಿ ಸ್ನಾನ ಮಾಡುವವರು ಕೂದಲಂಚು, ಕಿವಿಯ ಮುಂಭಾಗ, ಹುಬ್ಬಿನ ಸಂದಿ ಇವನ್ನು ಒಮ್ಮೆ ಗಮನಿಸಿ. ಅಲ್ಲಿ ಹಳದಿ ಉಳಿದಿದ್ದರೆ ಮೇಲೆ ಹಚ್ಚಿದ್ದೆಲ್ಲ ಬೇರೆ ಬಣ್ಣಕ್ಕೆ ತಿರುಗುತ್ತದೆ. ಮೃದುವಾದ ಫೇಸ್‌ವಾಶ್ ಅಥವಾ ಕಡಲೆಹಿಟ್ಟಿನಿಂದ ಆ ಜಾಗ ಮಾತ್ರ ಇನ್ನೊಮ್ಮೆ ತೊಳೆದರೆ ಆಯಿತು.

ಟವೆಲ್ಲಿನಿಂದ ಮುಖ ಉಜ್ಜಬೇಡಿ, ಒತ್ತಿ ಒರೆಸಿ. ಸ್ವಲ್ಪ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಎಣ್ಣೆ ಚರ್ಮದವರು ನೀರುನೀರಾದ ಜೆಲ್, ಒಣ ಚರ್ಮದವರು ಕ್ರೀಮು. ಮಳೆಗಾಲದಲ್ಲಿ ಎಣ್ಣೆ ಚರ್ಮದವರು ಇದನ್ನು ಬಿಟ್ಟು ನೇರ ಸನ್‌ಸ್ಕ್ರೀನಿಗೆ ಹೋದರೂ ತೊಂದರೆ ಇಲ್ಲ. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಇದ್ದರೆ ಅದನ್ನು ರಾತ್ರಿಗಿಡಿ. ಬೆಳಗ್ಗೆ ಹಚ್ಚಿದರೆ ಮೇಲಿನದ್ದೆಲ್ಲ ಜಾರುತ್ತದೆ.

ಎರಡನೇ ಹಂತ: ಸನ್‌ಸ್ಕ್ರೀನ್

"ಮಂಜು ಮುಸುಕಿದೆ, ಬಿಸಿಲೆಲ್ಲಿದೆ?" ಅಂತ ಇದನ್ನು ಬಿಡುವವರು ನಮ್ಮಲ್ಲಿ ತುಂಬಾ ಜನ. ಹಾಸನವನ್ನು ಬಡವರ ಊಟಿ ಅಂತ ಕರೆಯುತ್ತಾರಲ್ಲ, ತಂಪು ಹವೆಯಲ್ಲಿ ಬಿಸಿಲು ಸುಡುವುದು ಮೈಗೆ ಗೊತ್ತಾಗುವುದೇ ಇಲ್ಲ. ಆದರೆ ಹಾಸನವೂ ಚಿಕ್ಕಮಗಳೂರೂ ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 1,000 ಮೀಟರ್ ಎತ್ತರದಲ್ಲಿವೆ. ಪ್ರತಿ 1,000 ಮೀಟರ್ ಮೇಲೆ ಹೋದಂತೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದೆ ಚರ್ಮ ಸುಡುವ ಯುವಿ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ತೆಳು ಮೋಡ ಆ ಕಿರಣಗಳನ್ನು ಪೂರ್ತಿ ತಡೆಯುವುದೂ ಇಲ್ಲ. ಮಂಗಳೂರಿನಲ್ಲಿ ಬೆವರಿ ನೆರಳು ಹುಡುಕುತ್ತೇವೆ, ಇಲ್ಲಿ ತಂಪಾಗಿದೆ ಅಂತ ಬಿಸಿಲಲ್ಲೇ ನಿಂತು ಮಾತಾಡುತ್ತೇವೆ, ಕೆನ್ನೆಯ ಮೇಲೆ ಬಂಗು ಇರುವವರಿಗೆ ಅದು ಗಾಢವಾಗುವುದು ಹೀಗೆಯೇ.

ಎಸ್‌ಪಿಎಫ್ (ಯುವಿಬಿ ಅನ್ನುವ ಬಗೆಯ ಯುವಿ ಕಿರಣ ತಡೆಯುವ ಅಳತೆ) 30 ಅಥವಾ 50, ಜೊತೆಗೆ ಪಿಎ (ಯುವಿಎ ಅನ್ನುವ ಇನ್ನೊಂದು ಬಗೆ ತಡೆಯುವ ಅಳತೆ) ಮುಂದೆ ಮೂರೋ ನಾಲ್ಕೋ ಪ್ಲಸ್ ಗುರುತು ಇರುವುದನ್ನು ತನ್ನಿ. 30 ಸುಮಾರು ಶೇ 97ರಷ್ಟು ಯುವಿಬಿ ಕಿರಣ ತಡೆಯುತ್ತದೆ, 50 ಸುಮಾರು ಶೇ 98. ಹಾಗಾಗಿ ದೊಡ್ಡ ನಂಬರಿನ ಹಿಂದೆ ಹೋಗುವುದಕ್ಕಿಂತ ಸರಿಯಾದ ಅಳತೆ ಹಚ್ಚುವುದು ಮುಖ್ಯ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿ, ಅಷ್ಟೂ ಮುಖಕ್ಕೆ ಮತ್ತು ಕುತ್ತಿಗೆಗೆ. ಕಡಲೆ ಕಾಳಿನಷ್ಟು ಸವರಿದರೆ ಡಬ್ಬಿಯ ಮೇಲೆ ಬರೆದಷ್ಟು ರಕ್ಷಣೆ ಸಿಗುವುದಿಲ್ಲ.

ಕೆಲವು ಸನ್‌ಸ್ಕ್ರೀನುಗಳು ನಮ್ಮ ಕಂದು ಚರ್ಮದ ಮೇಲೆ ಬೂದಿ ಬಳಿದಂತೆ ಕಾಣುತ್ತವೆ. ಅದು ಅದರಲ್ಲಿರುವ ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡಿನ ಬಿಳುಪು. ಅದರ ಬದಲು ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ತಂದರೆ ಎರಡು ಲಾಭ. ಮುಖದ ಬಣ್ಣ ಅಲ್ಲಲ್ಲಿ ಹೆಚ್ಚುಕಡಿಮೆ ಇದ್ದದ್ದು ಸಮವಾಗಿ ಕಾಣುತ್ತದೆ, ಫೌಂಡೇಶನ್ ಬೇಕೇ ಆಗುವುದಿಲ್ಲ. ಇಂಥವುಗಳ ಬಣ್ಣ ಸಾಮಾನ್ಯವಾಗಿ ಐರನ್ ಆಕ್ಸೈಡಿನದು, ಅದು ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ತಡೆಯುವುದರಿಂದ ಬಂಗು ಇರುವವರಿಗೆ ಬರೀ ಸನ್‌ಸ್ಕ್ರೀನಿಗಿಂತ ಒಳ್ಳೆಯದು. ದಿನಾ ಫೌಂಡೇಶನ್ ಬೇಡ ಅಂದದ್ದು ಇದಕ್ಕೇ. ಬಣ್ಣದ ಸನ್‌ಸ್ಕ್ರೀನ್ ಒಂದೇ ಕೈಯಲ್ಲಿ ಎರಡು ಕೆಲಸ ಮುಗಿಸುತ್ತದೆ.

ಹಚ್ಚಿದ ತಕ್ಷಣ ಮೇಲೆ ಇನ್ನೇನೂ ಹಾಕಬೇಡಿ. ಹಾಕಿದರೆ ಪುಡಿಪುಡಿಯಾಗಿ, ರಬ್ಬರಿನ ಉದುರಿನ ಹಾಗೆ ಉರುಟುರುಟಾಗಿ ಏಳುತ್ತದೆ. ಐದು ನಿಮಿಷ ಬಿಡಬೇಕು. ಕಾಫಿ ಕುಡಿಯುವುದು, ಡಬ್ಬಿ ಕಟ್ಟುವುದು, ತಲೆ ಬಾಚುವುದು ಈ ಹೊತ್ತಿನ ಕೆಲಸ. ಬಟ್ಟೆಯೂ ಈಗಲೇ. ತಲೆ ಮೇಲಿಂದ ಎಳೆದು ಹಾಕುವ ಸ್ವೆಟರ್ ಇದ್ದರಂತೂ ಮೇಕಪ್ಪಿಗೆ ಮೊದಲೇ ಹಾಕಿಕೊಳ್ಳಿ, ಇಲ್ಲದಿದ್ದರೆ ಅರ್ಧ ಮುಖ ಸ್ವೆಟರಿನ ಕತ್ತಿಗೆ ಹೋಗುತ್ತದೆ.

ಮೂರನೇ ಹಂತ: ಕನ್ಸೀಲರ್, ಬೇಕಾದ ಜಾಗಕ್ಕೆ ಮಾತ್ರ

ಇಲ್ಲಿಂದ ಗಡಿಯಾರ ಶುರು. ಕನ್ನಡಿಯಲ್ಲಿ ಮುಖ ಪೂರ್ತಿ ನೋಡಿ. ಹೆಚ್ಚಿನವರಿಗೆ ಮುಚ್ಚಬೇಕಾದ ಜಾಗ ಮೂರೇ: ಕಣ್ಣಿನ ಕೆಳಗೆ, ಮೂಗಿನ ಹೊಳ್ಳೆಯ ಪಕ್ಕ, ಬಾಯಿಯ ಸುತ್ತ. ಉಳಿದ ಚರ್ಮವನ್ನು ಅದರ ಪಾಡಿಗೆ ಬಿಡಿ.

ಕಣ್ಣಿನ ಕೆಳಗಿನ ಕಪ್ಪಿಗೆ ತಿಳಿ ಬಣ್ಣದ ಕನ್ಸೀಲರ್ ನೇರವಾಗಿ ಹಚ್ಚಿದರೆ ಬೂದು ಬಣ್ಣ ಕಾಣುತ್ತದೆ, ನಿದ್ದೆಗೆಟ್ಟ ಮುಖ ಇನ್ನೂ ಸುಸ್ತಾದ ಹಾಗೆ. ಕಾರಣ ಸರಳ. ಆ ಕಪ್ಪಿನೊಳಗೆ ನೀಲಿ ಇರುತ್ತದೆ, ನೀಲಿಯನ್ನು ತಗ್ಗಿಸುವುದು ಕಿತ್ತಳೆ. ಅದಕ್ಕೇ ಮೊದಲು ಕಿತ್ತಳೆ ಅಥವಾ ಪೀಚ್ ಬಣ್ಣದ ಕರೆಕ್ಟರ್. ಗಾಢ ಮೈಬಣ್ಣದವರಿಗೆ ಗಾಢ ಕಿತ್ತಳೆ, ಗೋಧಿ ಬಣ್ಣದವರಿಗೆ ಪೀಚ್.

ಹಚ್ಚುವ ರೀತಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಡೀ ಮುಖ ನಿಲ್ಲುವುದು ಇದರ ಮೇಲೆ. ಮುಖ ಸ್ವಲ್ಪ ಕೆಳಗೆ ಮಾಡಿ ಕಣ್ಣು ಮಾತ್ರ ಮೇಲೆತ್ತಿ ಕನ್ನಡಿ ನೋಡಿ. ಕಣ್ಣಿನ ಒಳಮೂಲೆಯಿಂದ ಕೆಳಗೆ, ಮೂಗಿನ ಪಕ್ಕ ಒಂದು ಪುಟ್ಟ ಗುಳಿ ಕಾಣುತ್ತದೆ, ಕಪ್ಪು ಎಲ್ಲಕ್ಕಿಂತ ಗಾಢವಾಗಿರುವುದು ಅಲ್ಲೇ. ಉಂಗುರ ಬೆರಳಿನ ತುದಿಗೆ ಸಾಸಿವೆ ಕಾಳಿನಷ್ಟು ಕರೆಕ್ಟರ್ ತೆಗೆದುಕೊಂಡು ಆ ಗುಳಿಯಲ್ಲಿ ಒತ್ತಿ, ಬೆರಳು ಎತ್ತಿ, ಮತ್ತೆ ಒತ್ತಿ. ಎಳೆಯಬೇಡಿ, ಉಜ್ಜಬೇಡಿ. ಬೆರಳಿನ ಬಿಸಿಗೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಕಣ್ಣಿನ ಹೊರಮೂಲೆಯತ್ತ ಬರುತ್ತಾ ಕೈಯಲ್ಲಿ ಉಳಿದದ್ದಷ್ಟೇ ಸಾಕು. ಅದರ ಮೇಲೆ ನಿಮ್ಮ ಮೈಬಣ್ಣದ ಕನ್ಸೀಲರ್ ಒಂದೇ ಒಂದು ಚುಕ್ಕೆ ಇಡಿ. ಇಟ್ಟು ಅರ್ಧ ನಿಮಿಷ ಸುಮ್ನೆ ಬಿಡಿ, ಅಷ್ಟರಲ್ಲಿ ಹುಬ್ಬು ಬಾಚಿ. ಸ್ವಲ್ಪ ಗಟ್ಟಿಯಾದ ಮೇಲೆ ಅಂಚನ್ನು ಮಾತ್ರ ತಟ್ಟಿ ಬೆರೆಸಿ, ಮಧ್ಯ ಮುಟ್ಟಬೇಡಿ. ಹಚ್ಚಿದ ತಕ್ಷಣ ಬೆರೆಸಲು ಹೋದರೆ ಎಲ್ಲ ಬೆರಳಿಗೇ ಬಂದುಬಿಡುತ್ತದೆ, ಮತ್ತೆ ಹಚ್ಚುತ್ತೇವೆ, ಮತ್ತೆ ಹೋಗುತ್ತದೆ, ಕೊನೆಗೆ ದಪ್ಪ ಪದರವಾಗಿ ನಗುವಾಗ ಗೆರೆ ಬಿಡುತ್ತದೆ.

ಬಾಯಿಯ ಸುತ್ತಲಿನ ಕಪ್ಪಿಗೂ ಇದೇ ಕ್ರಮ, ಇನ್ನೂ ಕಡಿಮೆ ಅಳತೆ. ಮೊಡವೆಯ ಮೇಲೆ ಕಡ್ಡಿಯ ತುದಿಯಿಂದ ಚುಕ್ಕೆ ಇಟ್ಟು ಸುತ್ತ ಮಾತ್ರ ಬೆರೆಸಿ. ಒಡೆದ ಮೊಡವೆಯ ಮೇಲೆ ಏನೂ ಹಚ್ಚಬೇಡಿ, ಒಂದೆರಡು ದಿನ ಅದು ಕಾಣಲಿ ಬಿಡಿ.

ಬಣ್ಣ ಆರಿಸುವಾಗ ಒಂದು ಮಾತು. ಅಂಗಡಿಯಲ್ಲಿ ಮುಂಗೈ ಮೇಲೆ ಹಚ್ಚಿ ತೋರಿಸುತ್ತಾರೆ, ಕೈ ಬಣ್ಣವೇ ಬೇರೆ ಮುಖದ ಬಣ್ಣವೇ ಬೇರೆ. ದವಡೆಯ ಅಂಚಿಗೆ, ಕುತ್ತಿಗೆ ಶುರುವಾಗುವಲ್ಲಿ ಒಂದು ಗೆರೆ ಎಳೆಸಿಕೊಂಡು ಅಂಗಡಿಯಿಂದ ಹೊರಗೆ ಬಂದು ಬಿಸಿಲಿನಲ್ಲಿ ನೋಡಿ. ಗೆರೆ ಕಾಣದಂತೆ ಕಲೆತರೆ ಅದೇ ನಿಮ್ಮ ಬಣ್ಣ. ಕೆಲವು ಹತ್ತು ಹದಿನೈದು ನಿಮಿಷದಲ್ಲಿ ಒಂದಿಷ್ಟು ಗಾಢವಾಗುತ್ತವೆ, ಆದ್ದರಿಂದ ಮಾರ್ಕೆಟ್ಟಿನಲ್ಲಿ ಬೇರೆ ಕೆಲಸ ಮುಗಿಸಿಕೊಂಡು ಬಂದು ಇನ್ನೊಮ್ಮೆ ನೋಡಿ ಕೊಂಡರೆ ದುಡ್ಡು ದಂಡವಾಗುವುದಿಲ್ಲ. ಮತ್ತೆ, "ಇನ್ನೊಂದು ಶೇಡ್ ಬೆಳ್ಳಗಿನದು ತಗೊಳ್ಳಿ ಮೇಡಂ" ಅಂದರೆ ದಯವಿಟ್ಟು ತಗೋಬೇಡಿ. ನಿಮ್ಮ ಬಣ್ಣ ಚೆನ್ನಾಗಿಯೇ ಇದೆ. ಬೆಳ್ಳಗಾಗಲು ಅಂತ ಮೆಡಿಕಲ್ ಶಾಪಿನಿಂದ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇರುವ ಟ್ಯೂಬ್ ತಂದು ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಅವು ಸ್ಟಿರಾಯ್ಡ್. ಚರ್ಮ ತೆಳುವಾಗುತ್ತದೆ, ಕೆಂಪು ನರ ಎದ್ದು ಕಾಣುತ್ತದೆ, ಮೊಡವೆ ಹೆಚ್ಚುತ್ತದೆ, ಬಿಟ್ಟರೆ ಮುಖ ಉರಿಯುತ್ತದೆ. ಈಗಾಗಲೇ ಹಚ್ಚುತ್ತಿದ್ದರೆ ಚರ್ಮದ ಡಾಕ್ಟರನ್ನು ನೋಡಿ, ಅವರು ಹೇಳಿದ ಹಾಗೆ ಬಿಡಿ.

ನಾಲ್ಕನೇ ಹಂತ: ಕೆನ್ನೆ

ಬ್ಲಶ್ ಅಂತ ಬೇರೆ ಡಬ್ಬಿ ಕೊಳ್ಳಬೇಕಿಲ್ಲ. ಕ್ರೀಮಿನಂಥ ಲಿಪ್‌ಸ್ಟಿಕ್ ಇದ್ದರೆ ಅದನ್ನೇ ಎರಡು ಚುಕ್ಕೆ ಬೆರಳಿಗೆ ತೆಗೆದುಕೊಂಡು ಕೆನ್ನೆಯ ಮೂಳೆಯ ಮೇಲೆ ತಟ್ಟಿ, ಕಿವಿಯತ್ತ ಬೆರೆಸಿ. ಇಟ್ಟಿಗೆ ಕೆಂಪು, ನೇರಳೆ ಮಿಶ್ರಿತ ಗುಲಾಬಿ ನಮ್ಮ ಬಣ್ಣಗಳಿಗೆ ಚೆನ್ನಾಗಿ ಒಪ್ಪುತ್ತವೆ. ತಿಳಿ ಬೇಬಿ ಪಿಂಕ್ ಹೆಚ್ಚಿನವರಿಗೆ ಸುಣ್ಣ ಬಳಿದಂತೆ. ನೀರಿನಂತಿದ್ದು ಒಣಗಿ ಗಟ್ಟಿಯಾಗುವ ಮ್ಯಾಟ್ ಲಿಪ್‌ಸ್ಟಿಕ್ ಕೆನ್ನೆಗೆ ಬೇಡ, ಬೆರೆಸುವ ಮೊದಲೇ ಮಚ್ಚೆಯಾಗಿ ಕೂರುತ್ತದೆ. ತುಟಿ ಚುರುಗುಟ್ಟಿಸುವ, ಮೆಂಥಾಲ್ ಇರುವಂಥದ್ದೂ ಬೇಡ.

ಐದನೇ ಹಂತ: ಪೌಡರ್

ನಮ್ಮ ಅಮ್ಮಂದಿರು ಮುಖ ತೊಳೆದ ಕೂಡಲೇ ಟಾಲ್ಕಂ ಪೌಡರ್ ಸವರುತ್ತಿದ್ದರು. ಅದು ಬೆವರಿಗೆ ಸರಿ, ಕನ್ಸೀಲರಿನ ಮೇಲೆ ಬಿಳಿ ಪದರವಾಗಿ ನಿಲ್ಲುತ್ತದೆ. ಕಾಂಪ್ಯಾಕ್ಟ್ ತೆಗೆದುಕೊಂಡು ಪಫ್ ಅನ್ನು ಮಡಚಿ ಅದರ ಮೂಲೆಯಿಂದ ಕಣ್ಣಿನ ಕೆಳಗೆ, ಮೂಗಿನ ಪಕ್ಕ, ಹಣೆಯ ಮಧ್ಯ, ಗದ್ದಕ್ಕೆ ಒತ್ತಿ. ಒತ್ತುವುದು ಅಷ್ಟೇ, ಒರೆಸುವುದಲ್ಲ. ಒಣ ಚರ್ಮದವರು ಚಳಿಗಾಲದಲ್ಲಿ ಕಣ್ಣಿನ ಕೆಳಗೆ ಬಿಟ್ಟು ಬೇರೆಲ್ಲೂ ಹಾಕಬೇಡಿ.

ಪೌಡರ್ ಕಾಡಿಗೆಗೆ ಮೊದಲು ಬರಬೇಕು. ಕಣ್ಣಿನ ಕೆಳಗೆ ಜಿಡ್ಡಿದ್ದರೆ ಕಾಡಿಗೆ ಹರಡುತ್ತದೆ, ಪೌಡರ್ ಇದ್ದರೆ ನಿಲ್ಲುತ್ತದೆ.

ಆರನೇ ಹಂತ: ಕಣ್ಣು, ಹುಬ್ಬು

ಎಲ್ಲ ಬಿಟ್ಟು ಒಂದೇ ಒಂದು ಮಾಡಿ ಅಂದರೆ ನಾನು ಕಾಡಿಗೆ ಅನ್ನುತ್ತೇನೆ. ಕಣ್ಣು ಎದ್ದು ಕಂಡರೆ ಮುಖದಲ್ಲಿ ಬೇರೆ ಏನಿಲ್ಲದಿದ್ದರೂ ನಡೆಯುತ್ತದೆ.

ಹುಬ್ಬಿಗೆ ಮುಕ್ಕಾಲು ನಿಮಿಷ. ಹಳೇ ಮಸ್ಕಾರಾ ಕಡ್ಡಿಯನ್ನು ಸೋಪಿನಲ್ಲಿ ತೊಳೆದು ಒಣಗಿಸಿಟ್ಟರೆ ಅದೇ ಒಳ್ಳೆ ಹುಬ್ಬಿನ ಬಾಚಣಿಗೆ. ಮೇಲ್ಮುಖವಾಗಿ ಬಾಚಿ, ಕೂದಲಿಲ್ಲದ ಸಂದಿಗೆ ಮಾತ್ರ ಪೆನ್ಸಿಲಿನಿಂದ ಪುಟ್ಟ ಪುಟ್ಟ ಗೆರೆ. ಕಪ್ಪು ಪೆನ್ಸಿಲ್ ಬೇಡ, ಗಾಢ ಕಂದು ತನ್ನಿ.

ಕಾಡಿಗೆ ಹಚ್ಚುವಾಗ ಕೆಳರೆಪ್ಪೆಯೊಳಗೆ ಕಣ್ಣಿನುದ್ದಕ್ಕೂ ದಪ್ಪಗೆ ಎಳೆದರೆ ಹತ್ತು ಗಂಟೆಗೆಲ್ಲ ಕೆಳಗಿಳಿಯುತ್ತದೆ. ಬದಲಿಗೆ ಮೇಲ್ರೆಪ್ಪೆಯನ್ನು ಹೆಬ್ಬೆರಳಿನಿಂದ ಸ್ವಲ್ಪ ಮೇಲೆತ್ತಿ, ರೆಪ್ಪೆಗೂದಲ ಬುಡಕ್ಕೆ ಪೆನ್ಸಿಲ್ ಒತ್ತುತ್ತಾ ಹೋಗಿ. ಗೆರೆ ಕಾಣುವುದಿಲ್ಲ, ಆದರೆ ರೆಪ್ಪೆ ದಟ್ಟವಾಗಿ ಕಾಣುತ್ತದೆ. ಕೆಳಗೆ ಹೊರಗಿನ ಅರ್ಧಕ್ಕೆ ಮಾತ್ರ ತೆಳುವಾಗಿ. ಹತ್ತಿ ಕಡ್ಡಿಯಿಂದ ಹೊರಮೂಲೆಯನ್ನು ಒಮ್ಮೆ ಸವರಿದರೆ ಗೆರೆ ವಕ್ರವಾಗಿದ್ದರೂ ಮೃದುವಾಗುತ್ತದೆ, ಐಲೈನರಿನ ಹಾಗೆ ಎರಡೂ ಕಣ್ಣು ಸಮ ಮಾಡುತ್ತಾ ಕೂರಬೇಕಿಲ್ಲ. ಲೆನ್ಸ್ ಹಾಕುವವರು ಮೊದಲು ಲೆನ್ಸ್, ಆಮೇಲೆ ಕಾಡಿಗೆ, ಅದೂ ರೆಪ್ಪೆಯ ಹೊರಗೆ ಮಾತ್ರ.

ಕಾಡಿಗೆಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ, ಅಕ್ಕ ತಂಗಿಯರಾದರೂ ಅಷ್ಟೇ, ಹಾಸ್ಟೆಲಿನಲ್ಲಂತೂ ಬೇಡವೇ ಬೇಡ. ಕಣ್ಣುಬೇನೆ ಹರಡಲು ಇಷ್ಟು ಸಾಕು. ಜಾತ್ರೆಯಲ್ಲಿ ಸಿಗುವ ಲೇಬಲ್ ಇಲ್ಲದ ಸುರ್ಮಾವನ್ನೂ ಬಿಡಿ, ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ. ಮಸ್ಕಾರಾ ತೆರೆದು ಮೂರು ತಿಂಗಳಾದರೆ ಬದಲಿಸಿ, ಒಣಗಿದೆ ಅಂತ ನೀರು ಬೆರೆಸಬೇಡಿ. ಡಬ್ಬಿಗಳ ಹಿಂದೆ ಮುಚ್ಚಳ ತೆರೆದ ಪುಟ್ಟ ಭರಣಿಯ ಚಿತ್ರದೊಳಗೆ 6ಎಂ, 12ಎಂ ಅಂತ ಇರುತ್ತದಲ್ಲ, ಅದು ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಅನ್ನುವ ಲೆಕ್ಕ.

ಏಳನೇ ಹಂತ: ತುಟಿ, ಹಣೆಬೊಟ್ಟು

ಲಿಪ್ ಬಾಮ್ ಅನ್ನು ಕನ್ಸೀಲರ್ ಹಚ್ಚುವ ಹೊತ್ತಿಗೇ ಹಾಕಿರಿ, ಈಗ ಅದನ್ನು ಒರೆಸಿ ಲಿಪ್‌ಸ್ಟಿಕ್ ಹಚ್ಚಿ. ತುಟಿಯ ಮಧ್ಯಕ್ಕೆ ಇಟ್ಟು ಬೆರಳಿನಿಂದ ಅಂಚಿಗೆ ತಟ್ಟಿದರೆ ಗೆರೆ ನೇರ ಬರಬೇಕೆಂಬ ಚಿಂತೆಯೇ ಇಲ್ಲ. ಒಂದು ಟಿಶ್ಯೂ ತುಟಿಗಳ ನಡುವೆ ಒತ್ತಿ ತೆಗೆದು ಇನ್ನೊಮ್ಮೆ ತೆಳುವಾಗಿ ಹಚ್ಚಿ. ಎರಡು ಲೋಟ ಕಾಫಿ ಕುಡಿದರೂ ಬಣ್ಣ ಉಳಿಯುತ್ತದೆ. ಲೋಟಕ್ಕೆ ಅಂಟುವುದೂ ಕಡಿಮೆ.

ಸ್ಟಿಕ್ಕರ್ ಇಡುವ ಜಾಗದಲ್ಲಿ ಪೌಡರ್ ಇದ್ದರೆ ಅದು ಮಧ್ಯಾಹ್ನಕ್ಕೆ ಉದುರುತ್ತದೆ, ಒರೆಸಿ ಇಡಿ. ದಿನಾ ಒಂದೇ ಜಾಗಕ್ಕೆ ಅಂಟಿಸಿ ಅಲ್ಲಿ ತುರಿಕೆಯೋ ಬಿಳಿ ಮಚ್ಚೆಯೋ ಕಂಡರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕೆಲವು ಸ್ಟಿಕ್ಕರಿನ ಅಂಟಿನಲ್ಲಿರುವ ರಾಸಾಯನಿಕಕ್ಕೆ ಚರ್ಮದ ಬಣ್ಣ ಹೋಗುವುದುಂಟು. ರಾತ್ರಿ ಸ್ಟಿಕ್ಕರ್ ತೆಗೆದು ಮಲಗುವುದು ಒಳ್ಳೆ ಅಭ್ಯಾಸ.

ಕಾಲಕ್ಕೆ ತಕ್ಕ ಬದಲಾವಣೆ

ಜೂನ್‌ನಿಂದ ಸೆಪ್ಟೆಂಬರ್: ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರಿಗೆ ಇದೇ ಕಷ್ಟದ ಕಾಲ. ಕ್ರೀಮುಗಳ ಪದರ ಕಡಿಮೆ ಮಾಡಿ, ಕಾಡಿಗೆ ವಾಟರ್‌ಪ್ರೂಫ್ ಇರಲಿ. ಮಳೆಯಲ್ಲಿ ನೆನೆದರೆ ಮುಖ ಉಜ್ಜಬೇಡಿ, ಕರ್ಚೀಫು ಒತ್ತಿ ನೀರು ಹೀರಿಸಿ, ಹಚ್ಚಿದ್ದು ಬಹುಪಾಲು ಉಳಿಯುತ್ತದೆ. ಈ ನಾಲ್ಕು ತಿಂಗಳು ಸ್ಪಂಜು, ಬ್ರಷ್ ಪಕ್ಕಕ್ಕಿಡಿ ಅನ್ನುವುದು ನನ್ನ ಸಲಹೆ. ಬಟ್ಟೆಯೇ ಒಣಗದ ಊರಿನಲ್ಲಿ ಸ್ಪಂಜು ಎಲ್ಲಿ ಒಣಗಬೇಕು? ಒಳಗೆ ಬೂಷ್ಟು ಹಿಡಿದದ್ದು ಹೊರಗೆ ಕಾಣುವುದಿಲ್ಲ, ಮುಖದಲ್ಲಿ ಗುಳ್ಳೆಯಾಗಿ ಕಾಣುತ್ತದೆ. ತೊಳೆದ ಬೆರಳಿಗಿಂತ ಒಳ್ಳೆ ಬ್ರಷ್ ಇಲ್ಲ.

ಚಳಿಗಾಲದಲ್ಲಿ ಮಾಯಿಶ್ಚರೈಸರ್ ದಪ್ಪ, ಪೌಡರ್ ಕಡಿಮೆ, ಮ್ಯಾಟ್ ಬದಲು ಕ್ರೀಮ್ ಲಿಪ್‌ಸ್ಟಿಕ್. ಮಾರ್ಚ್, ಏಪ್ರಿಲ್‌ನಲ್ಲಿ, ಕಾಫಿ ಹೂವಾಗುವ ಹೊತ್ತಿಗೆ, ಬಿಸಿಲು ಏರುತ್ತದೆ, ಅರಸೀಕೆರೆ, ಕಡೂರು ಬಯಲಿನವರಿಗೆ ಇನ್ನೂ ಜಾಸ್ತಿ. ಆಗ ಮಧ್ಯಾಹ್ನ ಹೊರಗೆ ಓಡಾಟವಿದ್ದರೆ ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಮತ್ತೆ ಬೇಕು.

ಸ್ಕೂಟಿ, ಬಸ್ಸು, ಹೆಲ್ಮೆಟ್ಟು

ಸ್ಕೂಟಿಯಲ್ಲಿ ಹೋಗುವವರು ಧೂಳಿಗೆ ಮುಖಕ್ಕೆ ವೇಲ್ ಸುತ್ತುತ್ತಾರೆ. ಹಾಗಿದ್ದರೆ ಲಿಪ್‌ಸ್ಟಿಕ್, ಕೆನ್ನೆ ಬಣ್ಣ ಆಫೀಸಿಗೆ ಹೋದ ಮೇಲೆ ಹಾಕಿ, ಮನೆಯಲ್ಲಿ ಕಣ್ಣು ಮಾತ್ರ ಮುಗಿಸಿ. ಹೆಲ್ಮೆಟ್ ಹಣೆ ಒತ್ತುವ ಜಾಗದಲ್ಲಿ ಕನ್ಸೀಲರ್ ನಿಲ್ಲುವುದಿಲ್ಲ, ಅಲ್ಲಿ ಹಚ್ಚುವುದೇ ಬೇಡ. ಹೆಲ್ಮೆಟ್ ಒಳಗಿನ ಬಟ್ಟೆ ತೆಗೆಯಲು ಬರುವಂತಿದ್ದರೆ ಆಗಾಗ ಒಗೆಯಿರಿ, ಹಣೆಯ ಗುಳ್ಳೆಗಳಿಗೆ ಅದೂ ಒಂದು ಕಾರಣ.

ಬಸ್ಸಿನಲ್ಲಿ ಲಿಪ್ ಬಾಮ್ ಹಚ್ಚಬಹುದು, ಲಿಪ್‌ಸ್ಟಿಕ್ಕನ್ನೂ ಬೆರಳಿನಿಂದ ಹಚ್ಚಬಹುದು. ಕಾಡಿಗೆ, ಮಸ್ಕಾರಾ ಮಾತ್ರ ಬೇಡ. ನಮ್ಮ ರಸ್ತೆಗಳ ತಿರುವು, ಹಂಪು ಗೊತ್ತಲ್ಲ. ಪೆನ್ಸಿಲ್ ಕಣ್ಣಿಗೆ ಚುಚ್ಚಿದರೆ ಆ ದಿನದ ಕೆಲಸಕ್ಕಿಂತ ದೊಡ್ಡ ನಷ್ಟ.

ಮೂರೇ ನಿಮಿಷ ಇದ್ದರೆ

ಎದ್ದದ್ದೇ ತಡ, ಅಲಾರಂ ಕೇಳಿಸಲಿಲ್ಲ. ಆಗ ಬಣ್ಣದ ಸನ್‌ಸ್ಕ್ರೀನ್, ಮೇಲ್ರೆಪ್ಪೆಗೆ ಕಾಡಿಗೆ, ತುಟಿಗೂ ಕೆನ್ನೆಗೂ ಒಂದೇ ಲಿಪ್‌ಸ್ಟಿಕ್. ಇಷ್ಟೇ. ಕನ್ಸೀಲರನ್ನು ಅವಸರದಲ್ಲಿ ಹಚ್ಚುವುದಕ್ಕಿಂತ ಬಿಡುವುದು ವಾಸಿ. ಪೌಚ್ ಬ್ಯಾಗಿನಲ್ಲೇ ಇದ್ದರೆ ಉಳಿದದ್ದನ್ನು ಆಫೀಸು ಸೇರಿದ ಮೇಲೆ ಮುಗಿಸಬಹುದು.

ಮಧ್ಯಾಹ್ನ ಮತ್ತು ರಾತ್ರಿ

ಊಟದ ಹೊತ್ತಿಗೆ ಮೂಗು, ಹಣೆ ಹೊಳೆಯುತ್ತಿದ್ದರೆ ಮೊದಲು ಟಿಶ್ಯೂ ಒತ್ತಿ ಜಿಡ್ಡು ತೆಗೆಯಿರಿ, ಆಮೇಲೆ ಬೇಕಾದರೆ ಪೌಡರ್. ಜಿಡ್ಡಿನ ಮೇಲೇ ಪೌಡರ್ ಒತ್ತಿದರೆ ಗಟ್ಟಿ ಕಟ್ಟುತ್ತದೆ. ಕಾಡಿಗೆ ಇಳಿದಿದ್ದರೆ ಹತ್ತಿ ಕಡ್ಡಿಗೆ ಚೂರು ಲಿಪ್ ಬಾಮ್ ಮುಟ್ಟಿಸಿ ಒರೆಸಿ, ನೀರಿನಿಂದ ಉಜ್ಜಿದರೆ ಹರಡುತ್ತದೆ.

ಹೊಸದಾಗಿ ಏನೇ ತಂದರೂ ಮೊದಲ ದಿನವೇ ಮುಖಕ್ಕೆ ಹಚ್ಚಬೇಡಿ. ಮೊಣಕೈ ಒಳಭಾಗಕ್ಕೋ ಕಿವಿಯ ಹಿಂದೆಯೋ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ.

ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಎಲ್ಲ ತೆಗೆದೇ ಮಲಗಬೇಕು. ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮುಚ್ಚಿದ ಕಣ್ಣಿನ ಮೇಲೆ, ತುಟಿಯ ಮೇಲೆ ಇಪ್ಪತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಿರಿ. ವಾಟರ್‌ಪ್ರೂಫ್ ಕಾಡಿಗೆ ಕೂಡ ಸಡಿಲವಾಗುತ್ತದೆ. ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ, ಫೇಸ್‌ವಾಶ್ ಹಾಕಿ ತೊಳೆಯಿರಿ. ಮೊಡವೆ ಜಾಸ್ತಿ ಇರುವವರು ಎಣ್ಣೆಯನ್ನು ಕಣ್ಣು, ತುಟಿಗೆ ಮಾತ್ರ ಬಳಸಿ, ಉಳಿದ ಮುಖಕ್ಕೆ ಮೇಕಪ್ ತೆಗೆಯುವ ಮೈಸೆಲಾರ್ ವಾಟರ್ ಸಾಕು. ಪಫ್ ವಾರಕ್ಕೊಮ್ಮೆ ಸೋಪಿನಲ್ಲಿ ತೊಳೆದು ಕಿಟಕಿಯ ಗಾಳಿಗೆ ಒಣಗಿಸಿ, ಪೂರ್ತಿ ಒಣಗಿದ ಮೇಲೆಯೇ ಪೌಚಿಗೆ ಹಾಕಿ.